ಈಟಿಂಗ್ ಡಿಸಾರ್ಡರ್: ತೂಕ ನೋಡಿ ಕಾಯಿಲೆ ಹೇಳುವ ನಮ್ಮ ಚಾಳಿ

2025ರ ಮಾರ್ಚ್‌ನಲ್ಲಿ ಕೇರಳದಲ್ಲಿ 18 ವರ್ಷದ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿ ತೀರಿಕೊಂಡಳು. ತಿಂಗಳುಗಟ್ಟಲೆ ಸರಿಯಾಗಿ ಊಟ ಮಾಡಿರಲಿಲ್ಲ. ಇದು ಅನೊರೆಕ್ಸಿಯಾ ಎಂದು ವೈದ್ಯರು ಹೇಳಿದರು. ಊಟ ಬಿಡುತ್ತಾ ಹೋಗಿ ಮೈ ಸೊರಗುವ, ನಿಲ್ಲಿಸೋಕೆ ಆಗದ ಮಾನಸಿಕ ಕಾಯಿಲೆ ಅದು, ಈಟಿಂಗ್ ಡಿಸಾರ್ಡರ್‌ಗಳಲ್ಲಿ ಒಂದು. ಸುದ್ದಿ ದೇಶದ ತುಂಬ ಹರಡಿತು. ಹೆಡ್‌ಲೈನ್‌ಗಳಲ್ಲಿ ಎದ್ದು ಕಂಡಿದ್ದು ಎರಡೇ ಸಂಗತಿ. ಸಾಯುವ ಹೊತ್ತಿಗೆ ಅವಳ ತೂಕ ಎಷ್ಟು ಕೆಜಿಗೆ ಇಳಿದಿತ್ತು ಅನ್ನೋದು ಒಂದು. ಇಂಟರ್‌ನೆಟ್ ನೋಡಿ ಮಾಡಿದ ಡಯಟ್ ಅನ್ನೋದು ಇನ್ನೊಂದು. ಇಂಥ ಸುದ್ದಿ ಓದಿದಾಗ ನಾವೆಲ್ಲ ಮಾಡುವುದು ಒಂದೇ: ಅಯ್ಯೋ ಪಾಪ ಅಂತೀವಿ, ಈಗಿನ ಮಕ್ಕಳ ಮೊಬೈಲ್ ಹುಚ್ಚಿಗೆ ಬೈತೀವಿ, ಮುಂದಿನ ಸುದ್ದಿಗೆ ಹೋಗ್ತೀವಿ.

ಈ ಕಾಯಿಲೆಯ ಬಗ್ಗೆ ನಾವು ಎಡವುವುದು ಸರಿಯಾಗಿ ಆ ಎರಡು ಕಡೆಯಲ್ಲೇ. ತೂಕದ ಅಂಕಿಯನ್ನೇ ತಗೊಳ್ಳಿ. ಆರೋಗ್ಯವಾಗಿರುವವರಿಗೆ ಅದು ಬೆಚ್ಚಿಬೀಳಿಸುವ ಸಂಖ್ಯೆ. ಇದೇ ಕಾಯಿಲೆಯಲ್ಲಿ ಸಿಕ್ಕಿಬಿದ್ದ ಇನ್ನೊಬ್ಬ ಹುಡುಗಿಗೆ ಅದು ಒಂದು ಗುರಿ. 'ನಾನಿನ್ನೂ ಅಷ್ಟು ಇಳಿದಿಲ್ಲ, ಹಾಗಾದರೆ ನನಗೆ ಏನೂ ಆಗಿಲ್ಲ' ಎಂದು ಅವಳು ಲೆಕ್ಕ ಹಾಕುತ್ತಾಳೆ. ಅದಕ್ಕೇ ತೂಕದ ಅಂಕಿ, ಕ್ಯಾಲರಿ ಲೆಕ್ಕ, ಮೊದಲು ಹೀಗಿದ್ದರು ಆಮೇಲೆ ಹೀಗಾದರು ಅನ್ನುವ ಜೋಡಿ ಫೋಟೋ, ಇವುಗಳನ್ನು ಹಾಕಬೇಡಿ ಎಂದು ಈ ಕ್ಷೇತ್ರದ ಸಂಸ್ಥೆಗಳು ಪತ್ರಕರ್ತರಿಗೆ ವರ್ಷಗಳಿಂದ ಹೇಳುತ್ತಾ ಬಂದಿವೆ. ಈ ಲೇಖನದಲ್ಲೂ ಯಾರ ತೂಕವೂ ಇರುವುದಿಲ್ಲ. ಮರೆತು ಬಿಟ್ಟದ್ದಲ್ಲ.

ಇನ್ನು ಇಂಟರ್‌ನೆಟ್. ಒಂದೇ ಡಯಟ್ ವಿಡಿಯೋವನ್ನು ಲಕ್ಷಾಂತರ ಜನ ನೋಡಿರುತ್ತಾರೆ. ಹೆಚ್ಚಿನವರು ಎರಡು ದಿನ ಅನ್ನ ಬಿಟ್ಟು, ಮೂರನೇ ದಿನ ಬಿರಿಯಾನಿ ತಿಂದು ಮರೆತುಬಿಡುತ್ತಾರೆ. ಕೆಲವರಿಗೆ ಮಾತ್ರ ನಿಲ್ಲಿಸೋಕೆ ಆಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಅವರಿಗೆ ಯಾಕೆ ಆಗುವುದಿಲ್ಲ ಅನ್ನೋದು. ಅದನ್ನು ಬಿಟ್ಟು ಮೊಬೈಲ್ ಕಿತ್ತುಕೊಂಡರೆ ಸಮಸ್ಯೆ ಮುಗಿಯಿತು ಅಂದುಕೊಂಡರೆ, 1873ರಲ್ಲಿ ಯಾವ ಮೊಬೈಲ್ ಇತ್ತು?

ಆ ವರ್ಷವನ್ನು ಸುಮ್ನೆ ಹೇಳಿದ್ದಲ್ಲ. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಈ ಕಾಯಿಲೆಗೆ ಅನೊರೆಕ್ಸಿಯಾ ನರ್ವೋಸಾ ಎಂದು ಹೆಸರಿಟ್ಟ. ವಿಕ್ಟೋರಿಯಾ ರಾಣಿಯ ವೈದ್ಯರಲ್ಲಿ ಅವನೂ ಒಬ್ಬ. ಅದೇ ವರ್ಷ ಪ್ಯಾರಿಸ್‌ನಲ್ಲಿ ಶಾರ್ಲ್ ಲಸೆಗ್ ಬೇರೆಯಾಗಿಯೇ ಇಂಥದ್ದೇ ರೋಗಿಗಳ ಬಗ್ಗೆ ಬರೆದ. ಅದಕ್ಕೂ ಸುಮಾರು 200 ವರ್ಷ ಮುಂಚೆ, 1689ರಲ್ಲಿ, ಕ್ಷಯರೋಗದ ಬಗ್ಗೆ ಪುಸ್ತಕ ಬರೆಯುತ್ತಿದ್ದ ರಿಚರ್ಡ್ ಮಾರ್ಟನ್ ಎಂಬ ಇಂಗ್ಲಿಷ್ ವೈದ್ಯ, ಕ್ಷಯವಿಲ್ಲದೆಯೂ ಕ್ಷಯದವರ ಹಾಗೆ ಸೊರಗಿಹೋದ ಇಬ್ಬರ ಕಥೆ ಬರೆದಿಟ್ಟಿದ್ದ. ಅವರಲ್ಲಿ ಒಬ್ಬಳು ಹುಡುಗಿ, ಒಬ್ಬ ಹುಡುಗ. ಹುಡುಗನೂ ಇದ್ದ ಅನ್ನೋದು ಆಮೇಲೆ ಎಲ್ಲರಿಗೂ ಮರೆತುಹೋಯಿತು. ಗಲ್‌ನ ಲೇಖನದ ಜೊತೆ ರೋಗಿಯ ಎರಡು ಚಿತ್ರಗಳು ಅಚ್ಚಾದವು. ಕಾಯಿಲೆಯಲ್ಲಿದ್ದಾಗಿನದ್ದು ಒಂದು, ಚೇತರಿಸಿಕೊಂಡ ಮೇಲಿನದ್ದು ಇನ್ನೊಂದು. ಇವತ್ತು ಹಾಕಬೇಡಿ ಅನ್ನುವ ಜೋಡಿ ಚಿತ್ರ ಈ ಕಾಯಿಲೆಗೆ ಹೆಸರು ಬಂದ ದಿನದಿಂದಲೇ ಜೊತೆಗಿದೆ.

ನಮ್ಮ ತಲೆಯಲ್ಲಿರುವ ಚಿತ್ರ ಹುಟ್ಟಿದ್ದು ಅಲ್ಲೇ. ಬಿಳಿ ಹುಡುಗಿ, ಉಳ್ಳವರ ಮನೆಯವಳು, ಹದಿಹರೆಯ, ಎಲುಬು ಕಾಣುವಷ್ಟು ಸಣಕಲು, ಕನ್ನಡಿಯಲ್ಲಿ ಮಾತ್ರ ದಪ್ಪಗೆ ಕಾಣುತ್ತಾಳೆ. 1983ರಲ್ಲಿ ಅಮೆರಿಕದ ಗಾಯಕಿ ಕರೆನ್ ಕಾರ್ಪೆಂಟರ್ 32ನೇ ವಯಸ್ಸಿಗೆ ತೀರಿಕೊಂಡಾಗ ಆ ಚಿತ್ರ ಇನ್ನಷ್ಟು ಗಟ್ಟಿಯಾಯಿತು. ಚಿತ್ರ ಸುಳ್ಳಲ್ಲ. ಆದರೆ ಅದು ಒಂದು ಮೂಲೆ ಅಷ್ಟೇ. ಗೆರಾಲ್ಡ್ ರಸೆಲ್ ಎಂಬ ವೈದ್ಯ ಬುಲಿಮಿಯಾ ನರ್ವೋಸಾವನ್ನು ವಿವರಿಸಿದ್ದು 1979ರಲ್ಲಿ. ಇದರಲ್ಲಿ ಹಿಡಿತವಿಲ್ಲದೆ ತಿನ್ನುವುದು, ಆಮೇಲೆ ಅದನ್ನು ಹೇಗಾದರೂ ಹೊರಹಾಕಬೇಕು ಅನ್ನುವ ಒದ್ದಾಟ, ಎರಡೂ ಇರುತ್ತವೆ. ತೂಕ ಮಾಮೂಲಿಯಾಗೇ ಇರಬಹುದು. ಹೊರಹಾಕುವ ಪ್ರಯತ್ನ ಇಲ್ಲದೆ ಬರೀ ಹಿಡಿತ ತಪ್ಪಿ ತಿನ್ನುವ ಬಿಂಜ್ ಈಟಿಂಗ್, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸ್ವತಂತ್ರ ಕಾಯಿಲೆಯಾಗಿ ಜಾಗ ಪಡೆದದ್ದು 2013ರಲ್ಲಿ. ಅದೇ ಆವೃತ್ತಿಯಲ್ಲಿ ಆರ್ಫಿಡ್ ಎಂಬ ಇನ್ನೊಂದು ಸೇರಿತು. ಇದರಲ್ಲಿ ದಪ್ಪ ಆಗುವ ಭಯವೇ ಇರುವುದಿಲ್ಲ. ಊಟದ ವಾಸನೆ, ಮೆತ್ತಗೆ-ಗಟ್ಟಿ ಅನ್ನುವ ಹದ, ಗಂಟಲಲ್ಲಿ ಸಿಕ್ಕಿಕೊಂಡೀತು ಅನ್ನುವ ಹೆದರಿಕೆ, ಇಂಥವುಗಳಿಂದಲೇ ಮಗು ಊಟ ಬಿಡುತ್ತಾ ಹೋಗುತ್ತದೆ. ಮುಟ್ಟು ನಿಂತಿದ್ದರೆ ಮಾತ್ರ ಅನೊರೆಕ್ಸಿಯಾ ಅನ್ನುವ ಹಳೆಯ ನಿಯಮವನ್ನೂ ಆಗಲೇ ತೆಗೆದರು. ಅಲ್ಲಿಯವರೆಗೆ ಆ ಪಟ್ಟಿಯ ಪ್ರಕಾರ ಗಂಡಸರು ಎಲ್ಲಿಗೆ ಹೋಗಬೇಕಿತ್ತೋ!

ಹಸಿವು ಮನಸ್ಸಿಗೆ ಏನು ಮಾಡುತ್ತದೆ ಎಂದು ತಿಳಿಯೋಕೆ ಒಂದು ಹಳೆಯ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡನೇ ಮಹಾಯುದ್ಧದ ಕೊನೆಯ ಹೊತ್ತು. ಯುರೋಪಿನಲ್ಲಿ ಲಕ್ಷಗಟ್ಟಲೆ ಜನ ಉಪವಾಸ ಬಿದ್ದಿದ್ದರು. ಅವರಿಗೆ ಮತ್ತೆ ಊಟ ಕೊಡುವುದು ಹೇಗೆ ಎಂದು ತಿಳಿಯೋಕೆ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಗಂಡಸರನ್ನು ಆರಿಸಿಕೊಂಡ. ಯುದ್ಧ ಮಾಡುವುದಿಲ್ಲ ಎಂದು ಮನಸ್ಸಾಕ್ಷಿಯ ಕಾರಣಕ್ಕೆ ನಿರಾಕರಿಸಿದ್ದ ಯುವಕರು ಅವರು. ದೇಹ, ಮನಸ್ಸು ಎರಡೂ ಗಟ್ಟಿ ಇದ್ದವರನ್ನೇ ನೋಡಿ ತೆಗೆದುಕೊಂಡಿದ್ದರು. ವಿಶ್ವವಿದ್ಯಾಲಯದ ಫುಟ್‌ಬಾಲ್ ಸ್ಟೇಡಿಯಂ ಕೆಳಗಿನ ಕೋಣೆಗಳಲ್ಲಿ ಅವರ ವಾಸ. 1945ರ ಫೆಬ್ರುವರಿಯಿಂದ 24 ವಾರ ಅವರಿಗೆ ಅರೆಹೊಟ್ಟೆ ಊಟ: ಆಲೂಗಡ್ಡೆ, ಗೆಡ್ಡೆ ತರಕಾರಿ, ಬ್ರೆಡ್, ಮ್ಯಾಕರೋನಿ.

ಕೆಲವೇ ವಾರಗಳಲ್ಲಿ ಅವರಿಗೆ ಊಟ ಬಿಟ್ಟು ಬೇರೆ ಯೋಚನೆಯೇ ಬರದಂತಾಯಿತು. ಅಡುಗೆ ಪುಸ್ತಕ ಕೂಡಿಡೋಕೆ ಶುರು ಮಾಡಿದರು, ರೆಸಿಪಿ ಬರೆದುಕೊಂಡರು. ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಎಳೆದು ತಿಂದರು, ನೀರು ಬೆರೆಸಿ ಜಾಸ್ತಿ ಮಾಡಿಕೊಂಡರು, ತಟ್ಟೆ ನೆಕ್ಕಿದರು. ದಿನವಿಡೀ ಚೂಯಿಂಗ್ ಗಮ್ ಜಗಿದರು. ಗೆಳೆಯರ ಜೊತೆ ಮಾತು ಕಡಿಮೆಯಾಯಿತು. ಸಿಡುಕು ಹೆಚ್ಚಿತು. ಯಾವಾಗಲೂ ಚಳಿ. ಹೆಣ್ಣಿನ ಮೇಲಿನ ಆಸೆಯೂ ಇಲ್ಲ. ಮತ್ತೆ ಊಟ ಸಿಕ್ಕ ಮೇಲೆ ಸರಿಹೋದರಾ? ಇಲ್ಲ. ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ಹೋಗದವರಿದ್ದರು. ಹೊಟ್ಟೆ, ತೊಡೆ ದಪ್ಪ ಆಗುತ್ತಿದೆ ಎಂದು ಕೊರಗಿದವರೂ ಇದ್ದರು. ಇವರು ಫ್ಯಾಷನ್ ಪತ್ರಿಕೆ ಓದಿ ಕೆಟ್ಟ ಹುಡುಗಿಯರಲ್ಲ, ನೆನಪಿರಲಿ. ಸೈನ್ಯಕ್ಕೆ ಸೇರುವುದಿಲ್ಲ ಎಂದು ಸರ್ಕಾರದ ಎದುರು ನಿಂತ, ಗಟ್ಟಿ ಮನಸ್ಸಿನ ಗಂಡಸರು.

ಈಟಿಂಗ್ ಡಿಸಾರ್ಡರ್ ಇದ್ದವರಲ್ಲಿ 'ಹಟ', 'ನಾಟಕ', 'ವಿಚಿತ್ರ' ಎಂದು ನಾವು ಬೈಯುವ ಎಷ್ಟೋ ನಡತೆಗಳು ಹಸಿವೇ ಮೆದುಳಿಗೆ ಮಾಡುವ ಕೆಲಸ ಎಂದು ವೈದ್ಯರಿಗೆ ಮನವರಿಕೆ ಮಾಡಿಕೊಟ್ಟದ್ದು ಈ ಪ್ರಯೋಗ. ಮಗಳು ತಾನು ತಿನ್ನುವುದಿಲ್ಲ, ಆದರೆ ಮನೆಯವರಿಗೆಲ್ಲ ಕೇಕ್ ಮಾಡಿ ಬಡಿಸುತ್ತಾಳೆ, ಅಡುಗೆ ವಿಡಿಯೋಗಳನ್ನು ರಾತ್ರಿಯೆಲ್ಲ ನೋಡುತ್ತಾಳೆ. ಅಮ್ಮನಿಗೆ ಇದು ಅರ್ಥವಾಗುವುದಿಲ್ಲ. ಆ ಸ್ಟೇಡಿಯಂನ ಯುವಕರಿಗೆ ತಕ್ಷಣ ಅರ್ಥವಾಗುತ್ತಿತ್ತು.

ಹಾಗಾದರೆ ನಮ್ಮ ದೇಶದಲ್ಲಿ ಈ ಕಾಯಿಲೆ ಇದೆಯಾ? 'ನಮ್ಮಲ್ಲಿ ತಿನ್ನೋಕೇ ಇಲ್ಲದೆ ಸಾಯುವವರಿದ್ದಾರೆ, ಇದೆಲ್ಲ ದುಡ್ಡಿದ್ದವರ ಕಾಯಿಲೆ' ಅನ್ನುವ ಮಾತು ಬಹಳ ಕಾಲ ನಡೆಯಿತು. ವೈದ್ಯರೂ ನಂಬಿದ್ದರು. ಕಾಣದೇ ಇದ್ದುದಕ್ಕೆ ಒಂದು ದೊಡ್ಡ ಕಾರಣ, ಅವರು ಹುಡುಕುತ್ತಿದ್ದ ಲಕ್ಷಣ. ಹಾಂಕಾಂಗ್‌ನಲ್ಲಿ ಸಿಂಗ್ ಲೀ ಎಂಬ ಮನೋವೈದ್ಯರು 1980ರ ಕೊನೆ ಮತ್ತು 90ರ ದಶಕದಲ್ಲಿ ನೋಡಿದ ಎಷ್ಟೋ ರೋಗಿಗಳಿಗೆ ದಪ್ಪ ಆಗುವ ಭಯ ಇರಲೇ ಇಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ, ತಿಂದರೆ ಭಾರ ಆಗುತ್ತದೆ, ಇಷ್ಟೇ ಅವರು ಹೇಳುತ್ತಿದ್ದದ್ದು. ಪಾಶ್ಚಾತ್ಯ ಪುಸ್ತಕದ ಪ್ರಕಾರ ಅದು ಅನೊರೆಕ್ಸಿಯಾ ಅಲ್ಲವೇ ಅಲ್ಲ. ದೇಹ ಮಾತ್ರ ಅದೇ ರೀತಿ ಸವೆಯುತ್ತಿತ್ತು. 1995ರಲ್ಲಿ ದೆಹಲಿಯ ವೈದ್ಯರು ಐವರು ಯುವತಿಯರ ಕೇಸು ಪ್ರಕಟಿಸಿದಾಗ ಅವರಿಗೂ ಇದೇ ಅನುಭವ. ಊಟ ಬೇಡ ಅನ್ನುತ್ತಾರೆ, ಸೊರಗಿದ್ದಾರೆ, ಮುಟ್ಟು ನಿಂತಿದೆ, ಆದರೆ 'ನಾನು ದಪ್ಪ ಇದ್ದೀನಿ' ಅನ್ನುವ ಮಾತಿಲ್ಲ. ಇದನ್ನು ಏನೆಂದು ಕರೆಯಬೇಕು ಅನ್ನೋದೇ ಕಷ್ಟವಾಯಿತು. 2013ರ ಕೈಪಿಡಿ ಈ ವಿಷಯದಲ್ಲಿ ಸಡಿಲವಾಯಿತು. ಬಾಯಿಬಿಟ್ಟು ಭಯ ಹೇಳದಿದ್ದರೂ, ತೂಕ ಹೆಚ್ಚದಂತೆ ತಡೆಯುವ ನಡತೆ ಸತತವಾಗಿದ್ದರೆ ಸಾಕು.

ಇದು ನಮ್ಮ ಊರಿನ ಮಾತಿಗೂ ಹೊಂದುತ್ತದೆ. ನಮ್ಮ ಹುಡುಗಿ 'ನನಗೆ ದಪ್ಪ ಆಗೋ ಭಯ' ಎಂದು ಮನೆಯಲ್ಲಿ ಹೇಳುವ ಸಂಭವ ಕಡಿಮೆ. 'ಗ್ಯಾಸ್ಟ್ರಿಕ್ ಆಗಿದೆ', 'ತಿಂದ್ರೆ ವಾಕರಿಕೆ ಬರುತ್ತೆ', 'ಹಾಸ್ಟೆಲ್‌ನಲ್ಲೇ ತಿಂದು ಬಂದೆ' ಅನ್ನುತ್ತಾಳೆ. ಗ್ಯಾಸ್ಟ್ರಿಕ್ ಅಂದರೆ ನಾವು ಯಾರೂ ಮರುಪ್ರಶ್ನೆ ಕೇಳುವುದಿಲ್ಲ, ಅಲ್ವಾ? ಮೊದಲು ಪಿತ್ತದ ಮಾತ್ರೆ, ಆಮೇಲೆ ಎಂಡೋಸ್ಕೋಪಿ. ಮುಟ್ಟು ಏರುಪೇರಾದರೆ ಹೆರಿಗೆ ಡಾಕ್ಟರ ಹತ್ತಿರ. ವಾಂತಿಯಿಂದ ಹಲ್ಲಿನ ಎನಾಮೆಲ್ ಸವೆದಿದ್ದರೆ ಡೆಂಟಿಸ್ಟ್ ಹತ್ತಿರ. ಯಾರೋ ದೃಷ್ಟಿ ಹಾಕಿದ್ದಾರೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುವುದು ನಡುನಡುವೆ ಇದ್ದೇ ಇದೆ. ಮನೋವೈದ್ಯರ ಬಾಗಿಲಿಗೆ ಬರುವಷ್ಟರಲ್ಲಿ ವರ್ಷ ಕಳೆದಿರುತ್ತದೆ.

ಬಂದವರೂ ಇದ್ದಾರೆ. ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ 66 ಮನೋವೈದ್ಯರನ್ನು ಕೇಳಿ ಮಾಡಿದ ಸಮೀಕ್ಷೆ 2012ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನ ಒಬ್ಬರನ್ನಾದರೂ ಈ ಕಾಯಿಲೆಯ ರೋಗಿಯನ್ನು ನೋಡಿದ್ದರು. 2018ರಲ್ಲಿ ಮೈಸೂರಿನಿಂದ ಇನ್ನೊಂದು ಅಧ್ಯಯನ ಬಂತು. ಸುಮಾರು 1600 ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟಾಗ ಹೆಚ್ಚು ಕಡಿಮೆ ನಾಲ್ಕರಲ್ಲಿ ಒಬ್ಬರ ಉತ್ತರ 'ಅಪಾಯದ ಗೆರೆ' ದಾಟಿತ್ತು. ನಾಲ್ಕರಲ್ಲಿ ಒಬ್ಬರಿಗೆ ಕಾಯಿಲೆ ಎಂದು ಇದನ್ನು ಓದಬಾರದು. ಪ್ರಶ್ನಾವಳಿ ಮಾಡುವುದು ಜರಡಿ ಹಿಡಿಯುವ ಕೆಲಸ. ಕಾಳು ಯಾವುದು ಜೊಳ್ಳು ಯಾವುದು ಎಂದು ಹೇಳೋಕೆ ವೈದ್ಯರೇ ಕೂತು ಮಾತಾಡಬೇಕು.

ಈ ಪ್ರಶ್ನಾವಳಿಗಳೂ ಒಂದು ತಮಾಷೆಯೇ. ಜಗತ್ತಿನ ತುಂಬ ಬಳಸುವ ಒಂದು ಪ್ರಶ್ನಾವಳಿ ಕೆನಡಾದಲ್ಲಿ ತಯಾರಾದದ್ದು, ಅದರಲ್ಲಿ 26 ಪ್ರಶ್ನೆ. ಹಸಿವಾದಾಗಲೂ ಊಟ ತಪ್ಪಿಸುತ್ತೀರಾ ಎಂದು ಒಂದು ಕಡೆ ಕೇಳುತ್ತದೆ. ಏಕಾದಶಿ ಮಾಡುವವರು, ಸೋಮವಾರ ಒಪ್ಪತ್ತು ಇರುವವರು, ರಂಜಾನ್ ಉಪವಾಸದವರು ಹೌದು ಎಂದೇ ಬರೆಯಬೇಕಲ್ಲ! ತಿನ್ನುವುದನ್ನು ಸಣ್ಣ ಸಣ್ಣ ತುಂಡು ಮಾಡುತ್ತೀರಾ ಎಂದು ಇನ್ನೊಂದು. ಕೈಯಲ್ಲಿ ಚಪಾತಿ ಮುರಿದು ತಿನ್ನುವ ಊರಿನಲ್ಲಿ ಇದಕ್ಕೆ ಏನು ಉತ್ತರ? ಉತ್ತರ ಭಾರತದ ಶಾಲಾ ಹುಡುಗಿಯರಲ್ಲಿ ಈ ಪ್ರಶ್ನಾವಳಿ ಬಳಸಿದ ಕಿಂಗ್ ಮತ್ತು ಭುಗ್ರಾ ಎಂಬ ಸಂಶೋಧಕರು 1989ರಲ್ಲೇ ಎಚ್ಚರಿಸಿದ್ದರು: ಕೆಲವು ಪ್ರಶ್ನೆಗಳಿಗೆ ಬಂದ ಉತ್ತರ ಧರ್ಮ, ಸಂಸ್ಕೃತಿಯಿಂದ ಬಂದದ್ದು, ಕಾಯಿಲೆಯಿಂದಲ್ಲ.

ಹಾಗೆಂದು ಉಪವಾಸ ಅಂದ ತಕ್ಷಣ ಕಾಯಿಲೆ ಅಲ್ಲ ಎಂದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಏಕಾದಶಿ ಮಾಡುವ ಅಜ್ಜಿ ದ್ವಾದಶಿಯ ಬೆಳಗ್ಗೆ ಬೇಗ ಎದ್ದು ಪಾರಣೆಗೆ ಅಗಸೆ ಸೊಪ್ಪು, ನೆಲ್ಲಿಕಾಯಿ ಹುಡುಕುತ್ತಾಳೆ, ತಂಬಿಟ್ಟು ನೆನೆಸಿಕೊಳ್ಳುತ್ತಾಳೆ. ಉಪವಾಸದ ಮಾರನೇ ದಿನದ ಊಟ ಅವಳಿಗೆ ಹಬ್ಬ. ಕಾಯಿಲೆ ಇದ್ದವಳಿಗೆ ಆ ಮಾರನೇ ದಿನವೇ ಭಯ. ಅವಳು ಮೊದಲು ಸಂಕಷ್ಟಿ ಹಿಡಿಯುತ್ತಾಳೆ, ಆಮೇಲೆ ಗುರುವಾರ, ಆಮೇಲೆ ಶನಿವಾರವೂ ಸೇರುತ್ತದೆ. ಮನೆಯವರು ಭಕ್ತಿ ಜಾಸ್ತಿ ಆಯ್ತು ಎಂದು ಖುಷಿಪಡುತ್ತಾರೆ. ವ್ರತಕ್ಕೆ ಪಾರಣೆ ಇದೆ, ಇದಕ್ಕಿಲ್ಲ. ಇಷ್ಟನ್ನು ಗಮನಿಸಿದರೂ ಎಷ್ಟೋ ಮನೆಗಳಲ್ಲಿ ಮೊದಲೇ ಗೊತ್ತಾಗುತ್ತದೆ.

ಮತ್ತೆ ಇಂಟರ್‌ನೆಟ್ ವಿಷಯಕ್ಕೆ ಬರೋಣ. ಅದು ನಿರಪರಾಧಿ ಎಂದು ನಾನು ಹೇಳಿಲ್ಲ. ಪೆಸಿಫಿಕ್ ಸಾಗರದ ಫಿಜಿಯಲ್ಲಿ ನಡೆದ ಒಂದು ಅಧ್ಯಯನ ಈಗಲೂ ಚರ್ಚೆಯಲ್ಲಿದೆ. ಫಿಜಿಯ ಮೂಲನಿವಾಸಿಗಳಲ್ಲಿ ತುಂಬಿದ ಮೈ ಅಂದರೆ ಮೆಚ್ಚುಗೆ, ಚೆನ್ನಾಗಿ ಉಣ್ಣುವುದು ಗೌರವ. 1995ರಲ್ಲಿ ಅಲ್ಲಿನ ನಡ್ರೋಗಾ ಪ್ರದೇಶಕ್ಕೆ ಟಿವಿ ಬಂತು. ಬಂದ ಕೆಲವೇ ವಾರಗಳಲ್ಲಿ ಹಾರ್ವರ್ಡ್‌ನ ಆನ್ ಬೆಕರ್ ಅಲ್ಲಿನ ಹೈಸ್ಕೂಲ್ ಹುಡುಗಿಯರನ್ನು ಪ್ರಶ್ನಿಸಿದರು. 1998ರಲ್ಲಿ ಅದೇ ವಯಸ್ಸಿನ ಹುಡುಗಿಯರನ್ನು ಮತ್ತೆ ಕೇಳಿದರು. ಪ್ರಶ್ನಾವಳಿಯ ಗೆರೆ ದಾಟಿದವರು 12.7%ರಿಂದ 29.2%ಕ್ಕೆ ಏರಿದ್ದರು. ತೂಕಕ್ಕೋಸ್ಕರ ವಾಂತಿ ಮಾಡಿಕೊಳ್ಳುತ್ತೇವೆ ಅಂದವರು ಮೊದಲು ಒಬ್ಬರೂ ಇರಲಿಲ್ಲ, ಮೂರು ವರ್ಷದ ನಂತರ 11.3%. ಎರಡೂ ಸಲ ಕೇಳಿದ್ದು ಅರವತ್ತು ಚಿಲ್ಲರೆ ಹುಡುಗಿಯರನ್ನಷ್ಟೇ, ಹಾಗಾಗಿ ಟಿವಿಯೇ ಕಾರಣ ಎಂದು ಷರಾ ಬರೆಯೋಕೆ ಆಗದು. ಆದರೆ ಆ ಹುಡುಗಿಯರ ಮಾತು ಕೇಳಿದರೆ ಬರೀ ಅಂದದ ಆಸೆ ಕಾಣುವುದಿಲ್ಲ. ಟಿವಿಯಲ್ಲಿ ಕಂಡ ಹಾಗೆ ಇದ್ದರೆ ಕೆಲಸ ಸಿಗುತ್ತದೆ, ಮುಂದೆ ಬರಬಹುದು ಅನ್ನುವ ಲೆಕ್ಕ ಅದರಲ್ಲಿತ್ತು. ಸಣ್ಣ ಊರಿನಿಂದ ಬಂದು ಬೆಂಗಳೂರಿನ ಪಿಜಿಯಲ್ಲಿ ಇಂಟರ್‌ವ್ಯೂಗೆ ತಯಾರಾಗುವ ಹುಡುಗಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

2021ರಲ್ಲಿ ಅಲ್ಲೇ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗೆನ್ ಹೊರತಂದ ಫೇಸ್‌ಬುಕ್‌ನ ಒಳಗಿನ ದಾಖಲೆಗಳಲ್ಲಿ, ಮೂವರು ಹದಿಹರೆಯದ ಹುಡುಗಿಯರಲ್ಲಿ ಒಬ್ಬಳಿಗೆ ದೇಹದ ಬಗೆಗಿನ ಕೊರಗನ್ನು ಇನ್‌ಸ್ಟಾಗ್ರಾಂ ಇನ್ನಷ್ಟು ಹೆಚ್ಚಿಸುತ್ತಿದೆ ಎಂದು ಕಂಪನಿಯವರೇ ಬರೆದುಕೊಂಡಿದ್ದರು. 2023ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಈ ಕಾಯಿಲೆಯವರಿಗಾಗಿಯೇ ಇದ್ದ ಅಮೆರಿಕದ ನೇಡಾ ಎಂಬ ಸಂಸ್ಥೆ ತನ್ನ ಸಹಾಯವಾಣಿ ಮುಚ್ಚಲು ಹೊರಟಿತ್ತು. ಅದೇ ಹೊತ್ತಿಗೆ ಅದರ ಚಾಟ್‌ಬಾಟ್ ಸಹಾಯ ಕೇಳಿ ಬಂದವರಿಗೆ ತೂಕ ಇಳಿಸುವ ಸಲಹೆ ಕೊಡೋಕೆ ಶುರು ಮಾಡಿತು! ಗಲಾಟೆಯಾಗಿ ಅದನ್ನು ತೆಗೆದರು. ಯಂತ್ರ ಕಲಿಯುವುದು ನಾವು ಬರೆದದ್ದನ್ನೇ ತಾನೇ.

ಮತ್ತೆ ನಾವು ಆಡುವ ಮಾತು? ಮದುವೆ ಮನೆಗೆ ಹೋಗಿ. 'ಏನೇ, ಇಷ್ಟು ದಪ್ಪ ಆಗಿದ್ದೀಯ' ಎಂದು ಅತ್ತೆ, 'ಯಾಕೋ ಸೊರಗಿದ್ದೀಯಲ್ಲೋ' ಎಂದು ದೊಡ್ಡಮ್ಮ. ಎರಡೂ ಪ್ರೀತಿಯಿಂದಲೇ. ದಪ್ಪ ಆಗಿದ್ದೀಯ ಎಂದ ಅತ್ತೆಯೇ ಎಲೆ ಮುಂದೆ ನಿಂತು 'ಇನ್ನೊಂದು ಹೋಳಿಗೆ ಹಾಕಿಸ್ಕೋ, ನಾಚಿಕೆ ಯಾಕೆ' ಎಂದು ತುಪ್ಪ ಸುರಿಯುತ್ತಾಳೆ. ತಿಂದರೆ ಒಂದು ಮಾತು, ಬಿಟ್ಟರೆ ಒಂದು ಮಾತು. ಹೆಣ್ಣು ನೋಡೋಕೆ ಬರುವ ಮುಂಚೆ 'ಸ್ವಲ್ಪ ಇಳಿಸು' ಅನ್ನುವುದು ಇನ್ನೊಂದು. ಇಂಥ ಮಾತಿನಿಂದಲೇ ಕಾಯಿಲೆ ಹುಟ್ಟುತ್ತದೆ ಎಂದಲ್ಲ. ಆದರೆ ಕಾಯಿಲೆ ಈಗಾಗಲೇ ಒಳಗೆ ಕೂತಿದ್ದರೆ ಅದಕ್ಕೆ ಬೇಕಾದದ್ದು ಇದೇ. ಅದರಲ್ಲೂ ಅಪಾಯದ ಮಾತು ಬೈಗುಳ ಅಲ್ಲ, ಹೊಗಳಿಕೆ. ದಪ್ಪಗಿದ್ದ ಹುಡುಗ ಅಥವಾ ಹುಡುಗಿ ಊಟ ಬಿಟ್ಟು ಬೇಗ ಇಳಿದರೆ ಎಲ್ಲರೂ ಭೇಷ್ ಅನ್ನುತ್ತಾರೆ, ಏನು ಮಾಡಿದೆ ನಮಗೂ ಹೇಳು ಅನ್ನುತ್ತಾರೆ. ಅವರ ನಾಡಿ ಬಡಿತ ಇಳಿದಿರಬಹುದು, ಮುಟ್ಟು ನಿಂತಿರಬಹುದು, ರಕ್ತದ ಒತ್ತಡ ತಗ್ಗಿರಬಹುದು. ನೋಡೋಕೆ ಮಾತ್ರ 'ಸರಿಯಾದ ತೂಕ'. ಇದನ್ನು ವೈದ್ಯರು ಅಟಿಪಿಕಲ್ ಅನೊರೆಕ್ಸಿಯಾ ಅನ್ನುತ್ತಾರೆ. ನನ್ನ ಪ್ರಕಾರ ಇವರಷ್ಟು ಒಂಟಿಯಾದ ರೋಗಿಗಳು ಬೇರೆ ಇಲ್ಲ. ಅವರ ಕಾಯಿಲೆಗೆ ಊರೇ ಚಪ್ಪಾಳೆ ತಟ್ಟುತ್ತಿರುತ್ತದೆ.

ಗಂಡಸರ ಕಥೆಯೂ ಹೀಗೇ. ಇಂಗ್ಲೆಂಡಿನ ಕ್ರಿಕೆಟಿಗ ಆಂಡ್ರ್ಯೂ ಫ್ಲಿಂಟಾಫ್ ನೆನಪಿದ್ದಾನಲ್ಲ, 2002ರಲ್ಲಿ ವಾಂಖೆಡೆಯಲ್ಲಿ ಅಂಗಿ ಬಿಚ್ಚಿ ಓಡಿದವನು? ಅದಕ್ಕೆ ಸೌರವ್ ಗಂಗೂಲಿ ಲಾರ್ಡ್ಸ್ ಬಾಲ್ಕನಿಯಲ್ಲಿ ಉತ್ತರ ಕೊಟ್ಟದ್ದಂತೂ ಯಾರೂ ಮರೆತಿಲ್ಲ. ದಪ್ಪಗಿದ್ದಾನೆ ಎಂದು ಪತ್ರಿಕೆಗಳು ಆಡಿಕೊಂಡ ಕಾಲದಿಂದ ತನಗೆ ಬುಲಿಮಿಯಾ ಇದೆ ಎಂದು ಫ್ಲಿಂಟಾಫ್ 2020ರಲ್ಲಿ ಬಿಬಿಸಿಯ ಕಾರ್ಯಕ್ರಮದಲ್ಲಿ ಹೇಳಿಕೊಂಡ. ಅಷ್ಟು ಎತ್ತರದ, ಅಷ್ಟು ಜೋರಾಗಿ ಬೌಲ್ ಮಾಡುತ್ತಿದ್ದವನನ್ನು ನೋಡಿ ಯಾರಿಗೆ ಅನುಮಾನ ಬರಬೇಕು? ಸಣ್ಣಗಿದ್ದೀನಿ ಎಂದು ಕೊರಗಿ, ಜಿಮ್ ಬಿಡದೆ, ಪ್ರೋಟೀನ್ ಲೆಕ್ಕದಲ್ಲೇ ಬದುಕುವ ಹುಡುಗರದ್ದು ಇನ್ನೊಂದು ಬಗೆ. ಅದನ್ನು ನಾವು ಶಿಸ್ತು ಅನ್ನುತ್ತೇವೆ.

ತಪ್ಪು ಯಾರದು ಅನ್ನುವ ಪ್ರಶ್ನೆಗೆ ಬಹಳ ಕಾಲ ಸಿಕ್ಕ ಉತ್ತರ: ಅಮ್ಮನದು. 1970ರ ದಶಕದಲ್ಲಿ ಹಿಲ್ಡೆ ಬ್ರೂಕ್, ಸಾಲ್ವಡಾರ್ ಮಿನೂಚಿನ್ ಮುಂತಾದ ಮನೋವೈದ್ಯರು ಅತಿಯಾಗಿ ಹಿಡಿತ ಇಟ್ಟುಕೊಳ್ಳುವ ಮನೆಗಳತ್ತ ಬೆರಳು ತೋರಿಸಿದರು. ಎಷ್ಟೋ ಆಸ್ಪತ್ರೆಗಳಲ್ಲಿ ತಂದೆ-ತಾಯಿಯನ್ನು ಮಗುವಿನಿಂದ ದೂರವೇ ಇಡುತ್ತಿದ್ದರು. ಅವಳಿಗಳ ಅಧ್ಯಯನಗಳು ಬಂದ ಮೇಲೆ ಈ ಮಾತು ಅಲುಗಾಡಿತು. ಅನೊರೆಕ್ಸಿಯಾದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆನುವಂಶಿಕ ಎಂದು ಹಲವು ಅಧ್ಯಯನಗಳು ಹೇಳುತ್ತವೆ. 2019ರಲ್ಲಿ ಸುಮಾರು 17,000 ರೋಗಿಗಳ ಡಿಎನ್‌ಎ ನೋಡಿದ ದೊಡ್ಡ ಸಂಶೋಧನೆ ಇದಕ್ಕೆ ಸಂಬಂಧಿಸಿದ 8 ಜಾಗಗಳನ್ನು ಗುರುತಿಸಿತು. ಅವು ಬರೀ ಮನಸ್ಸಿಗೆ ಸಂಬಂಧಿಸಿದವಲ್ಲ. ದೇಹ ಸಕ್ಕರೆ, ಕೊಬ್ಬನ್ನು ಹೇಗೆ ಬಳಸುತ್ತದೆ ಅನ್ನುವುದಕ್ಕೂ ಅವುಗಳ ನಂಟಿದೆ. ಎಲ್ಲರೂ ಡಯಟ್ ಮಾಡಿ ಬಿಡುತ್ತಾರೆ, ಕೆಲವರಿಗೆ ಬಿಡೋಕೆ ಆಗುವುದಿಲ್ಲ ಯಾಕೆ ಅನ್ನುವುದಕ್ಕೆ ಉತ್ತರದ ಒಂದು ತುಣುಕು ಇಲ್ಲಿದೆ. ಕುಟುಂಬವೇ ಮೂಲ ಕಾರಣ ಅನ್ನುವ ಮಾತನ್ನು ಅಕಾಡೆಮಿ ಫಾರ್ ಈಟಿಂಗ್ ಡಿಸಾರ್ಡರ್ಸ್ ಎಂಬ ತಜ್ಞರ ಸಂಸ್ಥೆ 2010ರಲ್ಲಿ ಬರವಣಿಗೆಯಲ್ಲೇ ತಳ್ಳಿಹಾಕಿತು.

ಈಗ ಮಕ್ಕಳ ಚಿಕಿತ್ಸೆಯಲ್ಲಿ ಹೆಚ್ಚು ಆಧಾರ ಇರುವ ವಿಧಾನ ಇದಕ್ಕೆ ಪೂರ್ತಿ ತಿರುಗಾಮುರುಗ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಶುರುವಾದ ಈ ಕ್ರಮದಲ್ಲಿ ಅಪ್ಪ-ಅಮ್ಮನೇ ಚಿಕಿತ್ಸೆಯ ಮುಖ್ಯ ಕೈಗಳು. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಸ್ವಲ್ಪ ಕಾಲ ಅವರೇ ತೀರ್ಮಾನಿಸುತ್ತಾರೆ. ಪ್ರತಿ ಊಟಕ್ಕೂ ಜೊತೆಗೆ ಕೂರುತ್ತಾರೆ. ಬೈಯುವುದಿಲ್ಲ, ಚೌಕಾಸಿಯೂ ಇಲ್ಲ. ಮಗು ಬೇರೆ, ಕಾಯಿಲೆ ಬೇರೆ ಎಂದು ನೋಡುತ್ತಾರೆ. ಚೇತರಿಸಿದ ಹಾಗೆ ಊಟದ ಹೊಣೆ ಮೆಲ್ಲಗೆ ಮಗುವಿಗೆ ಮರಳುತ್ತದೆ. ಒಟ್ಟಿಗೆ ಕೂತು ಉಣ್ಣುವ ಮನೆಗಳಿರುವ ನಮ್ಮಲ್ಲಿ ಇದು ಚೆನ್ನಾಗಿ ಒಗ್ಗೀತು ಎಂದು ನನಗನ್ನಿಸುತ್ತದೆ. ಒಂದೇ ತೊಡಕು, ತಿಂಗಳುಗಟ್ಟಲೆ ಮೂರು ಹೊತ್ತೂ ಮಗುವಿನ ಎದುರು ಕೂರಬೇಕು. ಕೂಲಿಗೆ ಹೋಗುವ ತಾಯಿಗೆ ರಜೆ ಕೊಡುವವರು ಯಾರು? ದೊಡ್ಡವರಿಗೆ, ಅದರಲ್ಲೂ ಬುಲಿಮಿಯಾ, ಬಿಂಜ್ ಈಟಿಂಗ್ ಇದ್ದವರಿಗೆ, ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದೆ. ಕೆಲವರಿಗೆ ಮಾತ್ರೆಯೂ ನೆರವಾಗುತ್ತದೆ.

ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು. ತುಂಬಾ ದಿನ ಉಪವಾಸ ಇದ್ದವರಿಗೆ ಗಾಬರಿಯಲ್ಲಿ ಒಮ್ಮೆಲೇ ಜಾಸ್ತಿ ತಿನ್ನಿಸಬಾರದು. ರಕ್ತದಲ್ಲಿನ ಫಾಸ್ಫೇಟ್ ದಿಢೀರನೆ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ಎರಡನೇ ಮಹಾಯುದ್ಧದಲ್ಲಿ ಬಿಡುಗಡೆಯಾದ ಕೈದಿಗಳಲ್ಲಿ ಊಟ ಸಿಕ್ಕ ಮೇಲೆ ಸತ್ತವರಿದ್ದರು. ಮೊದಲು ರಕ್ತ ಪರೀಕ್ಷೆ, ಇಸಿಜಿ, ಆಮೇಲೆ ವೈದ್ಯರು ಹೇಳಿದ ಲೆಕ್ಕದಲ್ಲಿ ಊಟ. ಪದೇಪದೇ ವಾಂತಿ ಮಾಡಿಕೊಳ್ಳುವವರಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು, ಅವರ ತೂಕ ಎಷ್ಟೇ ಇರಲಿ. 2011ರಲ್ಲಿ 36 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅನೊರೆಕ್ಸಿಯಾ ಇದ್ದವರ ಸಾವಿನ ಪ್ರಮಾಣ ಅದೇ ವಯಸ್ಸಿನ ಬೇರೆಯವರಿಗಿಂತ ಐದಾರು ಪಟ್ಟು ಹೆಚ್ಚಿತ್ತು. ಸತ್ತ ಐವರಲ್ಲಿ ಒಬ್ಬರದು ಆತ್ಮಹತ್ಯೆ. ಆದ್ದರಿಂದ 'ವಯಸ್ಸಿನ ಹುಚ್ಚು, ಮದುವೆ ಆದ್ರೆ ಸರಿಹೋಗುತ್ತೆ' ಅನ್ನುವುದನ್ನು ದಯವಿಟ್ಟು ಬಿಡಿ.

ಈಗ ಇದಕ್ಕೆ ಹೊಸದೊಂದು ಸೇರಿಕೊಂಡಿದೆ. 2025ರ ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವೆಗೋವಿ ಇಂಡಿಯಾದ ಮಾರುಕಟ್ಟೆಗೆ ಬಂದವು. ಹಸಿವು ಕಡಿಮೆ ಮಾಡಿ ತೂಕ ಇಳಿಸುವ ಇಂಜೆಕ್ಷನ್‌ಗಳು ಇವು. ಬೊಜ್ಜು, ಸಕ್ಕರೆ ಕಾಯಿಲೆ ಇದ್ದವರಿಗೆ ನಿಜಕ್ಕೂ ಉಪಯೋಗದ ಔಷಧಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಸಿವನ್ನು ಶತ್ರು ಎಂದು ಈಗಾಗಲೇ ತೀರ್ಮಾನಿಸಿದವರ ಕೈಗೆ ಇದು ಸಿಕ್ಕರೆ? ಚೀಟಿ ಬರೆಯುವ ಮುಂಚೆ ವೈದ್ಯರು ತೂಕ, ಶುಗರ್ ನೋಡುತ್ತಾರೆ. ಊಟದ ಜೊತೆ ನಿಮ್ಮ ಸಂಬಂಧ ಹೇಗಿದೆ, ತಿಂದ ಮೇಲೆ ಪಶ್ಚಾತ್ತಾಪ ಆಗುತ್ತದಾ, ಯಾವಾಗಲಾದರೂ ಹಿಡಿತ ತಪ್ಪುತ್ತದಾ ಎಂದೂ ಕೇಳಬೇಕು. ಲಂಡನ್ನಿನ ವೈದ್ಯರು 1999ರಲ್ಲಿ ಇದಕ್ಕೆಂದೇ ಸ್ಕಾಫ್ ಎಂಬ ಐದು ಪ್ರಶ್ನೆಗಳ ಪಟ್ಟಿ ಮಾಡಿದ್ದಾರೆ. ಎರಡಕ್ಕೆ ಹೌದು ಎಂಬ ಉತ್ತರ ಬಂದರೆ ಮುಂದೆ ವಿಚಾರಿಸಬೇಕು. ಎರಡು ನಿಮಿಷದ ಕೆಲಸ.

ಮನೆಯಲ್ಲಿ ಯಾರ ಬಗ್ಗೆಯಾದರೂ ಅನುಮಾನ ಇದ್ದರೆ ದೇಹದ ಬಗ್ಗೆ ಮಾತು ಎತ್ತಬೇಡಿ, 'ಚೆನ್ನಾಗಿ ಕಾಣ್ತಿದ್ದೀಯ' ಅನ್ನುವುದೂ ಬೇಡ. ಕಂಡದ್ದನ್ನು ಹೇಳಿ: ನಮ್ಮ ಜೊತೆ ಊಟಕ್ಕೆ ಕೂರೋದು ಬಿಟ್ಟಿದ್ದೀಯಲ್ಲ ಮಗಳೇ, ಯಾವಾಗಲೂ ಚಳಿ ಅಂತೀಯಲ್ಲ, ನನಗೆ ಚಿಂತೆ ಆಗಿದೆ. ಅವಳು ಸಿಟ್ಟಾಗಬಹುದು, ಇಲ್ಲ ಅನ್ನಬಹುದು. ಎರಡು ದಿನ ಬಿಟ್ಟು ಮತ್ತೆ ಹೇಳಿ. ತಲೆ ತಿರುಗಿ ಬಿದ್ದರೆ, ಎದೆ ಬಡಿತ ಏರುಪೇರಾದರೆ ಕಾಯದೆ ನೇರ ಆಸ್ಪತ್ರೆಗೆ. ಎಲ್ಲಿಂದ ಶುರು ಮಾಡಬೇಕು ಗೊತ್ತಾಗದಿದ್ದರೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. ನಂಬರ್ 14416, ಕರೆ ಉಚಿತ, ರಾತ್ರಿ ಹಗಲು ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಯಾವ ಕಾಯಿಲೆ ಎಂದು ಹೆಸರು ಹೇಳೋಕೆ ಬರಬೇಕು ಅಂತಿಲ್ಲ. ಊಟದ ಹೊತ್ತಿಗೆ ಮನೆಯಲ್ಲಿ ಏನಾಗುತ್ತಿದೆ ಎಂದು ಹೇಳಿದರೆ ಸಾಕು.